ಹರಿದು ಹೋಗುವ ಸಂಬಳಕ್ಕೊಂದು ಬದು

ಇಳಿಜಾರು ಜಮೀನಿನಲ್ಲಿ ಜೋರು ಮಳೆ ಬರುವಾಗ ಒಮ್ಮೆ ನಿಂತು ನೋಡಬೇಕು. ನೀರು ನೆಲಕ್ಕೆ ಬಿದ್ದ ಕೂಡಲೇ ಓಡಲು ಶುರು ಮಾಡುತ್ತದೆ. ಸುಮ್ನೆ ಓಡುವುದಿಲ್ಲ, ಮೇಲ್ಮಣ್ಣನ್ನೂ ಕಿತ್ತುಕೊಂಡು ಓಡುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅಲ್ಲಿ ನೀರು ಹರಿದ ಗೆರೆಗಳಷ್ಟೇ ಇರುತ್ತವೆ. ಮಳೆ ಕಮ್ಮಿಯಾಯಿತು ಅನ್ನುವ ಹಾಗಿಲ್ಲ. ಬೇಕಾದಷ್ಟು ಬಂತು, ನಿಲ್ಲಲಿಲ್ಲ ಅಷ್ಟೇ.

ನನ್ನ ಸಂಬಳ ಬಹಳ ವರ್ಷ ಹೀಗೇ ಇತ್ತು. ತಿಂಗಳ ಮೊದಲ ವಾರ ಭರ್ಜರಿ ಮಳೆ, ಮೂರನೇ ವಾರಕ್ಕೆ ಒಣ ನೆಲ. ಸಂಬಳ ಜಾಸ್ತಿಯಾದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿದ್ದೆ. ಜಾಸ್ತಿಯೂ ಆಯಿತು. ಆದರೆ ಇಳಿಜಾರಿಗೆ ಹೆಚ್ಚು ನೀರು ಸುರಿದರೆ ಏನಾಗುತ್ತದೋ ಅದೇ ಆಯಿತು, ಕೊರಕಲು ಇನ್ನಷ್ಟು ಅಗಲವಾಯಿತು.

ಪರ್ಮಾಕಲ್ಚರ್, ಅಂದರೆ ಪ್ರಕೃತಿಯ ರೀತಿ ನೋಡಿಕೊಂಡು ತೋಟ, ಜಮೀನು ರೂಪಿಸುವ ಪದ್ಧತಿಯ ಬಗ್ಗೆ ಓದಲು ಹಿಡಿದಿದ್ದು ಗಿಡಗಳ ಆಸೆಗೆ. ಹಣದ ಯೋಚನೆ ಆಗ ಇರಲೇ ಇಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮೊಲಿಸನ್ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೇವಿಡ್ ಹೋಮ್‌ಗ್ರೆನ್ ಸೇರಿ ಈ ವಿಚಾರವನ್ನು ಬೆಳೆಸಿದರು. ಅವರ ಮೊದಲ ಪುಸ್ತಕ ಬಂದಿದ್ದು 1978ರಲ್ಲಿ. ಮುಂದೆ 2002ರಲ್ಲಿ ಹೋಮ್‌ಗ್ರೆನ್ ಇದನ್ನೆಲ್ಲ 12 ತತ್ವಗಳಾಗಿ ಜೋಡಿಸಿ ಕೊಟ್ಟರು. ಆ ಹನ್ನೆರಡನ್ನೂ ಒಂದೊಂದಾಗಿ ಹಣಕ್ಕೆ ಹೊಂದಿಸಿ ತೋರಿಸಬಹುದು, ಆದರೆ ಅದರಲ್ಲಿ ಅರ್ಧ ಬರೀ ಮಾತಿನ ಜೋಡಣೆ ಆಗುತ್ತದೆ. ನಿಜವಾಗಿ ನನ್ನ ಕೈ ಹಿಡಿದಿದ್ದು ನಾಲ್ಕೈದು. ಅವನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ನೋಡುವುದು. ಹೊಸ ಜಮೀನು ಸಿಕ್ಕ ಕೂಡಲೇ ಗುದ್ದಲಿ ಹಿಡಿಯಬೇಡಿ, ಮೊದಲು ಒಂದು ಪೂರ್ತಿ ವರ್ಷ ನೋಡಿ ಅನ್ನುತ್ತಾರೆ ಪರ್ಮಾಕಲ್ಚರ್ ಮಾಡುವವರು. ಬಿಸಿಲು ಯಾವ ತಿಂಗಳು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಇದೆಲ್ಲ ಒಂದು ಸುತ್ತು ನೋಡದೆ ಗೊತ್ತಾಗುವುದಿಲ್ಲ ಅಲ್ವಾ. ನಾನು ಹಣದ ವಿಷಯದಲ್ಲಿ ಮಾಡುತ್ತಿದ್ದದ್ದು ಇದಕ್ಕೆ ಪೂರ್ತಿ ಉಲ್ಟಾ. ಹಣ ಖಾಲಿಯಾದಾಗಲೆಲ್ಲ ಒಂದು ರಾತ್ರಿ ಕೂತು ಬಿಗಿಯಾದ ಬಜೆಟ್ ಬರೆಯುತ್ತಿದ್ದೆ. ಆ ಬಜೆಟ್ಟಿಗೂ ನನ್ನ ಬದುಕಿಗೂ ಸಂಬಂಧವೇ ಇರುತ್ತಿರಲಿಲ್ಲ, ಹಾಗಾಗಿ ಎರಡು ವಾರದಲ್ಲಿ ಅದು ಮುರಿದು ಬೀಳುತ್ತಿತ್ತು.

ಒಂದು ಸಲ ಬಜೆಟ್ ಮಾಡುವುದನ್ನೇ ಬಿಟ್ಟೆ. ಖರ್ಚಾಗಿದ್ದನ್ನು ಬರೆದಿಟ್ಟೆ, ಅಷ್ಟೇ. ಇದು ತಪ್ಪು, ಅದು ದಂಡ ಅಂತ ಯಾವುದಕ್ಕೂ ಹಣೆಪಟ್ಟಿ ಹಚ್ಚಲಿಲ್ಲ. ಹನ್ನೆರಡು ತಿಂಗಳು ಹಾಗೇ ಬರೆದೆ. ಆಗ ಕಂಡದ್ದು ಇಷ್ಟು. ನನ್ನ ಹಣ ಖಾಲಿಯಾಗುತ್ತಿದ್ದದ್ದು ನಾನು ಬೈದುಕೊಳ್ಳುತ್ತಿದ್ದ ಸಣ್ಣಪುಟ್ಟ ಸಂತೋಷಗಳಿಂದ ಅಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚುಗಳಿಂದ. ವಿಮೆ, ಶುಲ್ಕ, ರಿಪೇರಿ, ಪ್ರಯಾಣ. ಪ್ರತಿ ಸಲವೂ ಇವು ಅಚಾನಕ್ಕಾಗಿ ಬಂದವು ಅಂತ ಅಂದುಕೊಳ್ಳುತ್ತಿದ್ದೆ. ಪುಸ್ತಕ ತೆಗೆದು ನೋಡಿದರೆ ಯಾವುದೂ ಅಚಾನಕ್ಕಲ್ಲ. ಎಲ್ಲದಕ್ಕೂ ಒಂದು ಕಾಲ ಇದೆ, ಬೇಸಿಗೆಗೆ ಇರುವ ಹಾಗೆ. ಈಗ ಅವುಗಳ ಒಟ್ಟು ಮೊತ್ತವನ್ನು 12ರಿಂದ ಭಾಗಿಸಿ, ತಿಂಗಳಿಗೆ ಅಷ್ಟನ್ನು ಬೇರೆ ಖಾತೆಗೆ ಹಾಕುತ್ತೇನೆ. ಹೋಮ್‌ಗ್ರೆನ್ ಪಟ್ಟಿಯಲ್ಲಿ ಮೊದಲು ಒಟ್ಟು ವಿನ್ಯಾಸ ನೋಡು, ವಿವರಕ್ಕೆ ಆಮೇಲೆ ಹೋಗು ಅನ್ನುವ ಒಂದು ತತ್ವ ಇದೆ. ವರ್ಷದ ಆಕಾರ ಕಾಣುವ ಮೊದಲೇ ದಿನದ ಲೆಕ್ಕದಲ್ಲಿ ಕೂದಲು ಸೀಳುತ್ತಿದ್ದೆ ಅಂತ ಅದನ್ನು ಓದಿದಾಗ ಅರ್ಥವಾಯಿತು.

ಇನ್ನು ಬದುವಿನ ವಿಷಯ. ನನಗೆ ಅತಿ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದ ಬರೆಯುತ್ತೇನೆ.

ಇಳಿಜಾರಿನ ನೀರನ್ನು ಹಿಡಿಯಲು ಸಮಪಾತಳಿಯಲ್ಲಿ, ಅಂದರೆ ಒಂದೇ ಮಟ್ಟದ ಗೆರೆಯಲ್ಲಿ, ಕಂದಕ ತೋಡಿ ಅದರ ಕೆಳಬದಿಗೆ ಬದು ಹಾಕುತ್ತಾರೆ. ಓಡುವ ನೀರು ಅಲ್ಲಿ ನಿಲ್ಲುತ್ತದೆ, ಅಗಲಕ್ಕೆ ಹರಡುತ್ತದೆ, ನಿಧಾನವಾಗಿ ಇಂಗುತ್ತದೆ. ಕೆಲಸ ಶುರು ಮಾಡುವುದು ಜಮೀನಿನ ಮೇಲ್ಭಾಗದಿಂದ. ಮೇಲೆ ನೀರು ಇನ್ನೂ ಕಡಿಮೆ ಇರುತ್ತದೆ, ವೇಗವೂ ಕಡಿಮೆ, ಸಣ್ಣ ಬದು ಸಾಕು. ಕೆಳಗೆ ಹೋದಷ್ಟೂ ನೀರು ಸೇರಿ ಸೇರಿ ಬಲ ಪಡೆಯುತ್ತದೆ, ಅಲ್ಲಿ ತಡೆಯಲು ಹೋದರೆ ದೊಡ್ಡ ಒಡ್ಡೇ ಬೇಕು, ಅದೂ ಒಡೆಯಬಹುದು.

ತಿಂಗಳ ಕೊನೆಗೆ ಉಳಿದದ್ದನ್ನು ಉಳಿಸುತ್ತೇನೆ ಅನ್ನುವುದು ಇಳಿಜಾರಿನ ಬುಡದಲ್ಲಿ ಒಡ್ಡು ಕಟ್ಟಿದ ಹಾಗೆ. ಅಷ್ಟರಲ್ಲಿ ಆಸೆಗಳೆಲ್ಲ ಒಟ್ಟು ಸೇರಿ ರಭಸ ಬಂದಿರುತ್ತದೆ, ನಮ್ಮ ಮನಸ್ಸಿನ ಗಟ್ಟಿತನ ಅದರ ಎದುರು ನಿಲ್ಲುವುದಿಲ್ಲ. ಸಂಬಳ ಬಂದ ದಿನವೇ, ಯಾವ ಖರ್ಚೂ ಶುರುವಾಗುವ ಮೊದಲೇ ಒಂದು ಪಾಲು ತಾನಾಗಿ ಬೇರೆ ಖಾತೆಗೆ ಹೋಗುವಂತೆ ಮಾಡಿದರೆ ಅದು ಮೇಲಿನ ಬದು. ನಾನು 100ಕ್ಕೆ 5ರಿಂದ ಶುರು ಮಾಡಿದೆ. ತೀರಾ ಕಮ್ಮಿ ಅನ್ನಿಸಬಹುದು. ಸಣ್ಣದಾಗಿ, ನಿಧಾನವಾಗಿ ಮಾಡು ಅನ್ನುವುದೂ ಆ ಹನ್ನೆರಡರಲ್ಲಿ ಒಂದು, ಅದನ್ನು ನಂಬಿ ಅಷ್ಟಕ್ಕೇ ನಿಲ್ಲಿಸಿದೆ. ಐದು ಹೋದದ್ದು ಗೊತ್ತೇ ಆಗಲಿಲ್ಲ. ನಾಲ್ಕೈದು ತಿಂಗಳ ನಂತರ 8 ಮಾಡಿದೆ, ಆಮೇಲೆ 12. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಗಾದೆ ಎಲ್ಲರಿಗೂ ಗೊತ್ತು, ಆದರೆ ಹನಿ ಕೂಡಬೇಕಾದರೆ ಮೊದಲು ಅದು ನಿಲ್ಲಲು ಒಂದು ಜಾಗ ಬೇಕಲ್ಲ.

ಬದು ಹಾಕುವವರು ಮರೆಯದೇ ಮಾಡುವ ಇನ್ನೊಂದು ಕೆಲಸ ಇದೆ. ಕೋಡಿ ಬಿಡುವುದು. ಕೋಡಿ ಇಲ್ಲದ ಬದು ದೊಡ್ಡ ಮಳೆಗೆ ಎಲ್ಲಿ ಬೇಕಾದರೂ ಒಡೆಯುತ್ತದೆ. ತುಂಬಿದ ಮೇಲೆ ನೀರು ಎಲ್ಲಿಂದ ಹೊರಗೆ ಹೋಗಬೇಕು, ಹೋಗಿ ಯಾವುದನ್ನು ತುಂಬಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು. ಹಣದ ಬಗ್ಗೆ ಬರೆಯುವವರು ತುರ್ತು ನಿಧಿ ಇಡಿ ಅಂತ ಹೇಳುತ್ತಾರೆ, ಮೂರರಿಂದ ಆರು ತಿಂಗಳ ಖರ್ಚಿನಷ್ಟು ಇರಲಿ ಅನ್ನುತ್ತಾರೆ. ಸರಿಯಾದ ಮಾತು. ಆದರೆ ಅದು ತುಂಬಿದ ದಿನ ಏನು ಮಾಡಬೇಕು ಅಂತ ನಾವು ಯೋಚಿಸಿರುವುದಿಲ್ಲ. ಆಗ ಉಳಿಕೆ ಹಣ ಚಾಲ್ತಿ ಖಾತೆಯಲ್ಲೇ ಕೂತು, ಸಿಕ್ಕ ದಾರಿಯಲ್ಲಿ ಒಡೆದುಕೊಂಡು ಹೋಗುತ್ತದೆ. ನಾನು ಕಾಗದದ ಮೇಲೆ ಒಂದು ಚಿತ್ರ ಬರೆದಿಟ್ಟಿದ್ದೇನೆ. ವರ್ಷದ ಖರ್ಚಿನ ಖಾತೆ ತುಂಬಿದರೆ ತುರ್ತು ನಿಧಿಗೆ, ಅದು ತುಂಬಿದರೆ ಮುಪ್ಪಿನ ಕಾಲದ ಹೂಡಿಕೆಗೆ, ಅಲ್ಲಿಂದ ಒಂದು ಸಣ್ಣ ಕಾಲುವೆ ಬೇರೆಯವರ ಕಡೆಗೆ. ಪರ್ಮಾಕಲ್ಚರಿಗೆ ಮೂರು ನೀತಿಗಳಿವೆ, ಭೂಮಿಯನ್ನು ನೋಡಿಕೊಳ್ಳುವುದು, ಜನರನ್ನು ನೋಡಿಕೊಳ್ಳುವುದು, ಮಿಕ್ಕಿದ್ದನ್ನು ಹಂಚುವುದು. ಈ ಮೂರನೆಯದನ್ನು ಬಿಟ್ಟು ಬರೀ ತತ್ವಗಳನ್ನು ಹಣಕ್ಕೆ ಬಳಸಿದರೆ ಅದು ಪರ್ಮಾಕಲ್ಚರ್ ಅಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಈಗ ಸಾಲ. ಕೊರಕಲು ಹೇಗೆ ಬೆಳೆಯುತ್ತದೆ ಅಂತ ನೋಡಿದ್ದೀರಾ? ಅದು ಕೆಳಗಷ್ಟೇ ಉದ್ದವಾಗುವುದಿಲ್ಲ, ಮೇಲಕ್ಕೂ ಬೆಳೆಯುತ್ತದೆ. ಕೊರಕಲಿನ ತಲೆಯ ಹತ್ತಿರ ನೀರು ಧುಮುಕಿ ಬುಡ ಕೊರೆಯುತ್ತದೆ, ಮೇಲಿನ ಮಣ್ಣು ಕುಸಿಯುತ್ತದೆ, ತಲೆ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಹೀಗೆ ಇನ್ನೂ ಚೆನ್ನಾಗಿರುವ ನೆಲವನ್ನು ಅದು ತಿನ್ನುತ್ತಾ ಹತ್ತುತ್ತದೆ. ಹೆಚ್ಚು ಬಡ್ಡಿಯ ಸಾಲ ಹೀಗೆಯೇ. ಇನ್ನೂ ಬಾರದ ಸಂಬಳವನ್ನು ಅದು ಮುಂದೆ ಹೋಗಿ ತಿನ್ನುತ್ತದೆ. ತಿಂಗಳಿಗೆ 3 ಪರ್ಸೆಂಟ್ ಬಡ್ಡಿ ಅಂದರೆ ವರ್ಷಕ್ಕೆ 36 ಅಂತ ಅಂದುಕೊಳ್ಳುತ್ತೇವೆ, ಕಟ್ಟದೆ ಬಿಟ್ಟರೆ ಬಡ್ಡಿಗೆ ಬಡ್ಡಿ ಸೇರಿ ಅದು 42 ದಾಟುತ್ತದೆ. ಎರಡು ವರ್ಷದೊಳಗೆ ಸಾಲ ಎರಡರಷ್ಟು. ನಾನು ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಇದೇ ಗುಂಡಿಯಲ್ಲಿ ಹದಿನಾಲ್ಕು ತಿಂಗಳು ಇದ್ದೆ, ಆ ದಿನಗಳ ನಿದ್ದೆಗೇಡು ಇನ್ನೂ ನೆನಪಿದೆ.

ಕೊರಕಲನ್ನು ರಿಪೇರಿ ಮಾಡುವವರು ಮೊದಲು ಹಿಡಿಯುವುದು ಅದರ ತಲೆಯನ್ನು. ಅಲ್ಲಿ ಕಲ್ಲು ಜೋಡಿಸಿ ಕುಸಿತ ನಿಲ್ಲಿಸುತ್ತಾರೆ, ಆಮೇಲೆ ಕೆಳಗೆ ಅಲ್ಲಲ್ಲಿ ಸಣ್ಣ ಸಣ್ಣ ತಡೆ ಇಡುತ್ತಾರೆ. ಹಾಗಾಗಿ ನಾನು ಅತಿ ಹೆಚ್ಚು ಬಡ್ಡಿಯ ಸಾಲವನ್ನೇ ಮೊದಲು ಹಿಡಿದೆ. ಚಿಕ್ಕ ಸಾಲ ಮೊದಲು ತೀರಿಸಿದರೆ ಹುರುಪು ಬರುತ್ತದೆ ಅನ್ನುವವರಿದ್ದಾರೆ, ಕೆಲವರಿಗೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ತಲೆ ಕುಸಿಯುತ್ತಲೇ ಇದ್ದರೆ ಕೆಳಗಿನ ಕಲ್ಲಿಗೆ ಏನು ಬೆಲೆ? ನನ್ನ ಮಟ್ಟಿಗೆ ಬಡ್ಡಿಯೇ ಮೊದಲು.

ವಲಯಗಳ ಲೆಕ್ಕ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪರ್ಮಾಕಲ್ಚರಿನಲ್ಲಿ ಮನೆ ಸೊನ್ನೆ ವಲಯ, ದಿನಕ್ಕೆ ನಾಲ್ಕು ಸಲ ಬೇಕಾಗುವ ಗಿಡಗಳು ಒಂದನೇ ವಲಯದಲ್ಲಿ, ಹೀಗೆ ದೂರ ಹೋಗುತ್ತಾ ಐದನೇ ವಲಯ ಕಾಡು, ಅಲ್ಲಿ ಕೈ ಹಾಕುವುದಿಲ್ಲ. ನನ್ನ ಮುಪ್ಪಿನ ಹೂಡಿಕೆಯನ್ನು ನಾಲ್ಕನೇ ವಲಯಕ್ಕೆ ಕಳಿಸಿದ್ದೇನೆ. ವರ್ಷಕ್ಕೆ ಎರಡು ಸಲ ನೋಡುತ್ತೇನೆ. ಅದರ ಆ್ಯಪ್ ಫೋನಿನಿಂದ ತೆಗೆದ ಮೇಲೆ ಮನಸ್ಸಿಗೆ ಎಷ್ಟೋ ಆರಾಮ. ದಿನಾ ಬೇರು ಕಿತ್ತು ನೋಡಿದರೆ ಯಾವ ಗಿಡ ಬೆಳೆದೀತು.

ಒಂದೇ ಬೆಳೆಯ ಅಪಾಯ ಎಲ್ಲರಿಗೂ ಗೊತ್ತು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಗೆ ರೋಗ ಬಿದ್ದಾಗ, ಬಡವರು ಹೆಚ್ಚಾಗಿ ಲಂಪರ್ ಅನ್ನುವ ಒಂದೇ ತಳಿಯನ್ನು ನೆಚ್ಚಿಕೊಂಡಿದ್ದರು. ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹಣದಲ್ಲಿ ಒಂದೇ ಬೆಳೆ ಅಂದರೆ ಒಂದೇ ಷೇರು ಅಂತ ತಿಳಿಯುತ್ತೇವೆ. ಅದಕ್ಕಿಂತ ಹತ್ತಿರದ್ದು ಇದೆ. 2001ರಲ್ಲಿ ಅಮೆರಿಕದ ಎನ್ರಾನ್ ಕಂಪನಿ ಮುಳುಗಿದಾಗ ಅದರ ಸಾವಿರಾರು ನೌಕರರ ಕೆಲಸ ಹೋಯಿತು. ಅವರಲ್ಲಿ ಬಹಳ ಜನರ ನಿವೃತ್ತಿ ಉಳಿತಾಯವೂ ಅದೇ ಕಂಪನಿಯ ಷೇರಿನಲ್ಲಿತ್ತು. ಸಂಬಳ, ಉಳಿತಾಯ ಎರಡೂ ಒಂದೇ ಹೊಲದಲ್ಲಿ. ಹಾಗೆ ನೋಡಿದರೆ ಸಂಬಳ ಒಂದೇ ಕಡೆಯಿಂದ ಬರುವ ನಮ್ಮಂಥವರೆಲ್ಲ ಒಂದೇ ಬೆಳೆಯವರೇ. ಮುಖ್ಯವಾದ ಪ್ರತಿಯೊಂದು ಅಗತ್ಯಕ್ಕೂ ಒಂದಕ್ಕಿಂತ ಹೆಚ್ಚು ಆಸರೆ ಇರಲಿ ಅಂತ ಮೊಲಿಸನ್ ಹೇಳುತ್ತಿದ್ದರು. ನಾನು ವಾರಕ್ಕೆ ಆರು ಗಂಟೆ ಭಾಷಾಂತರದ ಕೆಲಸ ಹಿಡಿದಿದ್ದೇನೆ. ಬರುವುದು ಸ್ವಲ್ಪವೇ. ಆದರೆ ಅದರ ಬೇರು ಬೇರೆ ಮಣ್ಣಿನಲ್ಲಿದೆ.

ಹೋಲಿಕೆ ಒಂದು ಕಡೆ ಎಚ್ಚರಿಕೆಯನ್ನೂ ಕೊಡುತ್ತದೆ. ತೆರೆದ ಕೆರೆಯ ನೀರು ಆವಿಯಾಗುತ್ತದೆ, ಸುಮ್ನೆ ಇಟ್ಟ ಹಣವೂ ಬೆಲೆಯೇರಿಕೆಗೆ ಆವಿಯಾಗುತ್ತದೆ. 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಅದರ ಬೆಲೆ ಅರ್ಧಕ್ಕಿಳಿಯುತ್ತದೆ ಅಂತ ಸುಮಾರಾಗಿ ಸಿಗುತ್ತದೆ, 6 ಪರ್ಸೆಂಟ್ ಆದರೆ 12 ವರ್ಷ. ಅದಕ್ಕೇ ತುರ್ತು ನಿಧಿ ಒಂದು ಮಟ್ಟಕ್ಕೆ ಬಂದ ಮೇಲೆ ಅದನ್ನೇ ದೊಡ್ಡದು ಮಾಡುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಜಮೀನಿನಲ್ಲಿ ನೀರಿಡಲು ಅತಿ ಅಗ್ಗದ ಜಾಗ ಕೆರೆ ಅಲ್ಲ, ಮಣ್ಣು. ಕಸಕಡ್ಡಿ ಕೊಳೆತು ಮೆತ್ತಗಾದ, ಮೇಲೆ ಹೊದಿಕೆ ಇರುವ ಮಣ್ಣು ನೀರನ್ನು ಹಿಡಿದುಕೊಳ್ಳುತ್ತದೆ. ಹಣದ ಲೋಕದಲ್ಲಿ ಮಣ್ಣು ಯಾವುದು ಅಂತ ತುಂಬಾ ದಿನ ಯೋಚಿಸಿದೆ. ಕಲಿತ ಕೆಲಸ, ಆರೋಗ್ಯ, ರಿಪೇರಿ ಮಾಡಿಕೊಳ್ಳಲು ಬರುವ ಕೈ, ಕಷ್ಟಕ್ಕೆ ಬರುವ ನಾಲ್ಕು ಜನ. ಇವೆಲ್ಲ ಇದ್ದರೆ ತಿಂಗಳಿಗೆ ಬೇಕಾಗುವ ಹಣವೇ ಕಡಿಮೆಯಾಗುತ್ತದೆ, ಆರು ತಿಂಗಳ ನಿಧಿ ಎಂಟು ತಿಂಗಳು ಬರುತ್ತದೆ. ಡಾಕ್ಟರಿಗೆ ಹಲ್ಲು ತೋರಿಸಿಕೊಳ್ಳುವುದನ್ನು ಉಳಿತಾಯದ ಹೆಸರಲ್ಲಿ ಮೂರು ವರ್ಷ ಮುಂದೂಡಿದ್ದೆ. ಆಮೇಲೆ ಕಟ್ಟಿದ ಬಿಲ್ಲು ನೋಡಿದ ಮೇಲೆ ಮಣ್ಣಿಗೆ ಹಾಕುವುದನ್ನು ಖರ್ಚು ಅಂತ ಬರೆಯುವುದು ಬಿಟ್ಟೆ.

ಕಳೆದ ತಿಂಗಳು ನನ್ನ ತುರ್ತು ನಿಧಿ ಮೊದಲ ಸಲ ಕೋಡಿ ಬಿತ್ತು. ನಾಲ್ಕು ವರ್ಷ, ಎರಡು ತಿಂಗಳು ಹಿಡಿಯಿತು. ಚಿತ್ರದಲ್ಲಿ ಬರೆದಿದ್ದ ಹಾಗೆಯೇ ಉಳಿದದ್ದು ಮುಂದಿನ ಕೆರೆಗೆ ಹೋಯಿತು, ಅದರಲ್ಲೊಂದು ಪಾಲು ಕೆಲಸ ಕಳೆದುಕೊಂಡು ಕೂತಿರುವ ಗೆಳೆಯನ ಮನೆ ಬಾಡಿಗೆಗೆ.