ಖಾಲಿ ಗೋದಲಿಯ ದಿನ

ಡಿಸೆಂಬರ್ 24, 2023, ಭಾನುವಾರ, ರಾತ್ರಿ

ಈ ವರ್ಷದ ಆಗಮನ ಕಾಲ ನಮಗೆ ತುಸು ಮೋಸ ಮಾಡಿತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಂದು ವಾರಕ್ಕೊಂದರಂತೆ ಮೇಣದ ಬತ್ತಿಗಳನ್ನು ಹಚ್ಚುತ್ತ ಬರುತ್ತೇವೆ. ಈ ಸಲ ಹಬ್ಬ ಸೋಮವಾರಕ್ಕೆ ಬಿದ್ದುದರಿಂದ ನಾಲ್ಕನೆಯ ಭಾನುವಾರವೂ ಹಬ್ಬದ ಹಿಂದಿನ ದಿನವೂ ಒಂದೇ ಆಗಿ, ಕೊನೆಯ ವಾರವೆಂಬುದು ಬೆಳಗಿನಿಂದ ಸಂಜೆಯವರೆಗಿನ ಕೆಲವೇ ಗಂಟೆಗಳಿಗೆ ಇಳಿಯಿತು. ಡಿಸೆಂಬರ್ 3ಕ್ಕೆ ಶುರುವಾದದ್ದು 22 ದಿನಗಳಲ್ಲಿ ಮುಗಿಯಿತು. ಇದಕ್ಕಿಂತ ಚಿಕ್ಕ ಆಗಮನ ಕಾಲ ಇರುವುದು ಸಾಧ್ಯವಿಲ್ಲ. ಮೇಜಿನ ಮೇಲೆ ನಾಲ್ಕು ಬತ್ತಿಗಳೂ ಎತ್ತರದ ಪ್ರಕಾರ ಸಾಲಾಗಿ ನಿಂತಿವೆ: ಮೊದಲನೆಯದು ಕರಗಿ ಗಿಡ್ಡವಾಗಿದೆ, ಮೂರನೆಯದಾದ ಗುಲಾಬಿ ಬತ್ತಿ ಮಧ್ಯಮ ಎತ್ತರದ್ದು, ನಾಲ್ಕನೆಯದು ಅಂಗಡಿಯಿಂದ ತಂದ ಹಾಗೆಯೇ ಇದೆ. ಅದಕ್ಕೆ ಅನ್ಯಾಯವಾಯಿತೆಂದು ಮಗಳು ಇಡೀ ಮಧ್ಯಾಹ್ನ ಅದೊಂದನ್ನೇ ಉರಿಸಿಡಬೇಕೆಂದು ಹಟ ಹಿಡಿದಿದ್ದಳು.

ಬೆಳಗಿನ ಕೆಲಸ ಸೀರಿಯಲ್ ಸೆಟ್ಟಿನದು. ಪ್ರತಿ ವರ್ಷ ಜನವರಿಯಲ್ಲಿ ಅದನ್ನು ಒಪ್ಪವಾಗಿ ಸುತ್ತಿ ಇಡುವವರು ಇವರೇ. ಡಿಸೆಂಬರಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಾಗ ಅದು ಹೇಗೆ ಗಂಟುಗಂಟಾಗಿರುತ್ತದೆಯೋ ತಿಳಿಯದು. ಹೊಸ ಎಲ್‌ಇಡಿ ಸರ ತರೋಣವೆಂದರೆ ಇವರು ಒಪ್ಪುವುದಿಲ್ಲ. ಹಳೆಯ ಸರದ ಬಲ್ಬುಗಳನ್ನು ಒಂದೊಂದಾಗಿ ಕಿತ್ತು ಬದಲಾಯಿಸಬಹುದಲ್ಲ, ಅದೇ ಅದರ ಹಿರಿಮೆ ಎನ್ನುತ್ತಾರೆ. ಸಿಕ್ಕು ಬಿಡಿಸಿ ಸ್ವಿಚ್ ಒತ್ತಿದರೆ ಅರ್ಧ ಸರ ಬೆಳಗಿತು, ಅರ್ಧ ಕತ್ತಲಾಗಿಯೇ ಉಳಿಯಿತು. ನೆಲದ ಮೇಲೆ ಕೂತು ಅಪ್ಪ ಮಗಳಿಗೆ ಪಾಠ ಶುರು ಮಾಡಿದರು: ಒಂದು ಬಲ್ಬಿನ ಒಳತಂತಿ ಕಡಿದರೆ ಅದರ ಬುಡದಲ್ಲಿರುವ ಇನ್ನೊಂದು ಕಿರುತಂತಿ ವಿದ್ಯುತ್ತಿಗೆ ದಾರಿ ಬಿಡುತ್ತದೆ, ಉಳಿದವು ತುಸು ಹೆಚ್ಚೇ ಪ್ರಕಾಶದಿಂದ ಉರಿಯುತ್ತವೆ, ಆದರೆ ಬಲ್ಬೇ ತನ್ನ ಗೂಡಿನಲ್ಲಿ ಸಡಿಲವಾಗಿ ಕೂತರೆ ದಾರಿ ಅಲ್ಲಿಗೇ ಕಡಿದು, ಆ ಭಾಗದ ಬಲ್ಬುಗಳೆಲ್ಲ ಆರಿಹೋಗುತ್ತವೆ. ಅಂದರೆ ಸತ್ತವನಿಂದ ತೊಂದರೆಯಿಲ್ಲ, ಸರಿಯಾಗಿ ಕೂರದವನಿಂದ ತೊಂದರೆ ಎಂದು ಮಗಳು ತನ್ನ ತಮ್ಮನ ಕಡೆಗೆ ನೋಡಿದಳು. ಐದು ವರ್ಷದ ಅವನು ಆಗ ಮೇಜಿನ ಕೆಳಗೆ ಬಸ್ಸು ಓಡಿಸುತ್ತಿದ್ದ.

ಮರಕ್ಕೆ ಮೊದಲ ಬಾರಿ ವಿದ್ಯುದ್ದೀಪ ಕಟ್ಟಿದ್ದು ಯಾರೆಂದು ಮಗಳು ಕೇಳಿದಳು. ಎಡಿಸನ್ನರ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಮರಕ್ಕೆ ಕಟ್ಟಿಸಿ, ಆ ಮರ ತನ್ನಷ್ಟಕ್ಕೆ ತಿರುಗುವಂತೆಯೂ ಮಾಡಿದ್ದರೆಂದು ಇವರು ಹೇಳಿದರು. ಅಷ್ಟು ಬಲ್ಬುಗಳಲ್ಲಿ ಕೆಟ್ಟದ್ದನ್ನು ಹುಡುಕಿದವರು ಯಾರೆಂಬ ಅವಳ ಮರುಪ್ರಶ್ನೆಗೆ ಉತ್ತರ ಬರಲಿಲ್ಲ. ಬಿಡಿ ಬಲ್ಬುಗಳ ತಗಡಿನ ಡಬ್ಬಿಯಿಂದ ಒಂದು ಒಳ್ಳೆಯ ಬಲ್ಬನ್ನು ತೆಗೆದು, ಸರದ ಒಂದೊಂದು ಗೂಡಿನಲ್ಲೂ ಇಟ್ಟು ನೋಡುತ್ತ ಹೋದಾಗ ಹದಿನೇಳನೆಯದರಲ್ಲಿ ಕತ್ತಲ ಭಾಗವೆಲ್ಲ ಒಮ್ಮೆಲೇ ಹೊತ್ತಿಕೊಂಡಿತು. ಸರ ಪೂರ್ತಿ ಸರಿಯಿದ್ದು ಮೊದಲ ಒತ್ತಿಗೇ ಬೆಳಗಿದ್ದರೆ ಇಷ್ಟು ದೊಡ್ಡ ಕೂಗು ಮನೆಯಲ್ಲಿ ಏಳುತ್ತಿರಲಿಲ್ಲ.

ಆಮೇಲೆ ಗೋದಲಿ. ನಮ್ಮ ಗೊಂಬೆಗಳಿಗೆ ಅತ್ತೆಯವರ ಮದುವೆಯಷ್ಟೇ ವಯಸ್ಸು. ಕತ್ತೆಯ ಒಂದು ಕಿವಿಯನ್ನು ಎರಡು ಬಾರಿ ಅಂಟಿಸಿದ್ದಾಗಿದೆ. ಕುರುಬನೊಬ್ಬನ ಕೋಲು ಹೋಗಿ ಅದರ ಜಾಗಕ್ಕೆ ಬೆಂಕಿಕಡ್ಡಿ ಬಂದಿದೆ. ಲೂಕನ ಸುವಾರ್ತೆಯಲ್ಲಿ ಗೋದಲಿಯ ಮಾತಿದೆಯೇ ಹೊರತು ಎತ್ತು ಕತ್ತೆಗಳ ಮಾತಿಲ್ಲ, ಅವು ಯೆಶಾಯನ ಪ್ರವಾದನೆಯಿಂದ ನಡೆದು ಬಂದವು ಎಂದು ಇವರು ಹಿಂದೊಮ್ಮೆ ಹೇಳಿದ್ದಕ್ಕೆ, ಎಲ್ಲಿಂದಾದರೂ ಬರಲಿ, ಚಳಿಯಲ್ಲಿ ಮಗುವಿಗೆ ಉಸಿರಿನ ಬಿಸಿ ಕೊಡುವವರು ಬೇಡವೇ ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು. ಬಾಲಯೇಸುವನ್ನು ನೋಡಲು ಕಾಣಿಕೆ ಹೊತ್ತು ಬರುವ ಮೂವರು ರಾಯರನ್ನು ಮಾತ್ರ ಕೊಟ್ಟಿಗೆಯ ಹತ್ತಿರ ಸೇರಿಸುವುದಿಲ್ಲ. ಅವರು ತಲುಪಬೇಕಾದದ್ದು ಜನವರಿ 6ಕ್ಕೆ. ಅಲ್ಲಿಯವರೆಗೆ ಪುಸ್ತಕದ ಕಪಾಟಿನಿಂದ ಹೊರಟು ದಿನಕ್ಕೊಂದು ಗೇಣು ಮುಂದೆ ಸರಿಯುತ್ತಾರೆ. ಮತ್ತಾಯನು ಕಾಣಿಕೆಗಳು ಮೂರೆಂದು ಹೇಳುತ್ತಾನೆ, ಬಂದವರು ಎಷ್ಟು ಮಂದಿ ಎಂದು ಹೇಳುವುದಿಲ್ಲ ಎಂಬುದನ್ನು ಈ ವರ್ಷ ಕಲಿತ ಮಗಳು, ಹಾಗಿದ್ದರೆ ತನ್ನ ಚದುರಂಗದ ರಾಜನನ್ನೂ ಸೇರಿಸಬಹುದೆಂದು ನಾಲ್ಕನೆಯವನನ್ನು ಸಾಲಿನಲ್ಲಿ ನಿಲ್ಲಿಸಿದ್ದಾಳೆ. ನಾನು ಆಕ್ಷೇಪಿಸಲಿಲ್ಲ.

ಬಾಲಯೇಸುವನ್ನು ಇಡುವುದು ಇಂದು ನಡುರಾತ್ರಿ. ಅಲ್ಲಿಯವರೆಗೆ ಗೋದಲಿ ಖಾಲಿ ಇರಬೇಕು, ಮಗು ಮಕ್ಕಳ ಕಣ್ಣಿಗೆ ಬೀಳಬಾರದು. ಹಾಗಾಗಿ ಅದನ್ನು ಅಡಗಿಸಿಡುವ ಹೊಣೆ ಅತ್ತೆಯವರದು. ಸಂಜೆ ನಾಲ್ಕಕ್ಕೆ ಅವರು ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು: "ಎಲ್ಲಿಟ್ಟೆ ಅಂತ ಮರೆತುಹೋಗಿದೆ ಕಣಮ್ಮಾ. ಈ ಸಲ ಖಂಡಿತ ಮರೆಯದ ಜಾಗದಲ್ಲಿ ಇಟ್ಟಿದ್ದೆ."

ಗುಟ್ಟಾಗಿ ಹುಡುಕಲು ಶುರು ಮಾಡಿದ ನಾವಿಬ್ಬರೂ ಐದು ಗಂಟೆಯ ಹೊತ್ತಿಗೆ ನಾಲ್ವರಾದೆವು, ಆರಕ್ಕೆ ಐವರು. ಬೀರುವಿನ ಸೀರೆಗಳ ಮಡಿಕೆ, ಹೊಲಿಗೆ ಯಂತ್ರದ ಖಾನೆ, ಔಷಧಿಯ ಪೆಟ್ಟಿಗೆ, ಜಪಸರದ ಚೀಲ, ಮಾವನವರ ಹಳೆಯ ಕನ್ನಡಕದ ಡಬ್ಬಿ. ಮಗುವೊಂದನ್ನು ಬಿಟ್ಟು ಕಳೆದದ್ದೆಲ್ಲ ಸಿಕ್ಕಿತು: ಎರಡು ವರ್ಷದಿಂದ ಕಾಣದ ನನ್ನ ಓಲೆಯ ತಿರುಪು, ಅಲ್ಮೇರದ ಇನ್ನೊಂದು ಬೀಗದ ಕೈ, ಮಾವನವರು ಊರಿಗೆ ಹೋದಾಗ ಅತ್ತೆಗೆ ಬರೆದ ಒಂದು ಇನ್‌ಲ್ಯಾಂಡ್ ಪತ್ರ. ಪತ್ರವನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಒಬ್ಬರೇ ಓದಿಕೊಂಡರು. ಏನು ಬರೆದಿದ್ದಾರೆಂದು ಮಗಳು ಕೇಳಿದರೆ, ನೀರಿನ ಬಿಲ್ಲು ಕಟ್ಟಿದೆಯಾ ಎಂದು ಬರೆದಿದ್ದಾರೆ ಎಂದರು. ಅಷ್ಟಕ್ಕೇ ಇದ್ದಿದ್ದರೆ ಅದನ್ನು ಇಷ್ಟು ಹೊತ್ತು ಓದಬೇಕಿರಲಿಲ್ಲ.

ಎಂಟು ಗಂಟೆಗೆ ಇವರು ಸಮಾಧಾನ ಹೇಳಲು ಕೂತರು. ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ ಕಟ್ಟಿಸಿದ್ದು 1223ರ ಕ್ರಿಸ್ಮಸ್ಸಿಗೆ, ಅಂದರೆ ಇಂದಿಗೆ ಸರಿಯಾಗಿ 800 ವರ್ಷ. ಅವರ ಚರಿತ್ರೆಯನ್ನು ಬರೆದ ಚೆಲಾನೊದ ಥಾಮಸ್ ಅಲ್ಲಿ ಹುಲ್ಲಿತ್ತು, ಎತ್ತಿತ್ತು, ಕತ್ತೆಯಿತ್ತು ಎನ್ನುತ್ತಾರೆಯೇ ಹೊರತು ಮಗುವಿನ ಗೊಂಬೆಯ ಮಾತೆತ್ತುವುದಿಲ್ಲ. ಆದ್ದರಿಂದ ಖಾಲಿ ಗೋದಲಿಯೇ ಮೂಲಕ್ಕೆ ಹತ್ತಿರದ್ದು ಎಂಬುದು ಅವರ ವಾದ. ಅತ್ತೆ ಅದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, "ಆಯ್ತಪ್ಪ, ಈಗ ಎದ್ದು ಅಟ್ಟದ ಮೇಲೆ ನೋಡು" ಎಂದರು.

ಅಟ್ಟದಲ್ಲೂ ಇರಲಿಲ್ಲ. ಕಿರಿಯವನು ಸೋಫಾದ ಮೇಲೆಯೇ ನಿದ್ದೆಹೋದ. ಹತ್ತೂಕಾಲಿಗೆ, ಇನ್ನು ಹುಡುಕುವುದು ಸಾಕೆಂದು ಎಲ್ಲರೂ ಕೂತಿದ್ದಾಗ, ಸೀರಿಯಲ್ ಸೆಟ್ಟಿನ ಅರ್ಧ ಭಾಗ ಪಟ್ಟನೆ ಆರಿತು. ಬೆಳಿಗ್ಗೆ ಬೆಳಗಿದ್ದ ಭಾಗ ಈ ಬಾರಿ. ಇವರು ಬೇಸರದಿಂದಲೇ ಬಿಡಿ ಬಲ್ಬಿನ ಡಬ್ಬಿಯನ್ನು ಮತ್ತೆ ತಂದರು. ಮೇಲಿನ ಪದರದ ಹಸಿರು ಬಲ್ಬುಗಳೆಲ್ಲ ಕೆಟ್ಟವೇ ಆಗಿದ್ದುದರಿಂದ ಕೆಳಗಿನ ಹತ್ತಿಯನ್ನು ಎತ್ತಿ ನೋಡಿದರು. ಅಲ್ಲಿ, ಹತ್ತಿಯ ನಡುವೆ, ಎರಡು ಕೈಗಳನ್ನೂ ಚಾಚಿಕೊಂಡು ಮಗು ಮಲಗಿತ್ತು. ಬೆಳಿಗ್ಗೆ ಅದೇ ಡಬ್ಬಿಯನ್ನು ನಾವು ಮೂರು ಸಲ ಕೈಯಿಂದ ಕೈಗೆ ದಾಟಿಸಿದ್ದೆವು.

"ನಾನು ಹೇಳಲಿಲ್ಲವೇ? ಪ್ರತಿ ವರ್ಷ ಈ ಡಬ್ಬಿಯನ್ನು ತೆಗೆಯದೆ ಹಬ್ಬ ಆದದ್ದುಂಟೇ?" ಎಂದ ಅತ್ತೆಯ ದನಿಯಲ್ಲಿ ಆರು ಗಂಟೆಗಳ ಗಾಬರಿಯ ಕುರುಹೇ ಇರಲಿಲ್ಲ.

ಹನ್ನೆರಡಕ್ಕೆ ಮಗಳು ಅದನ್ನು ಹುಲ್ಲಿನ ಮೇಲಿಟ್ಟಳು. ಹಸಿರು ಬಲ್ಬು ಸಿಗದೆ ಹಾಕಿದ ಹಳದಿಯೊಂದು ಸರದ ನಡುವೆ ಎದ್ದು ಕಾಣುತ್ತಿದೆ. ರಾಯರನ್ನು ಇಂದಿನ ಗೇಣಿನಷ್ಟು ಸರಿಸಲು ಹೋದಾಗ ಒಬ್ಬರು ಕಡಿಮೆಯಿದ್ದರು. ಮೇಜಿನ ಕೆಳಗೆ ಬಸ್ಸಿನ ಚಾಲಕನ ಜಾಗದಲ್ಲಿ, ತಲೆಯ ಕಿರೀಟ ಹೊರಗೆ ಚಾಚುವಂತೆ, ಅವರನ್ನು ಕೂರಿಸಿದ್ದಾನೆ ನಮ್ಮ ಕಿರಿಯವನು. ಬೆಳಿಗ್ಗೆ ಅವನನ್ನು ಕೇಳದೆ ಇಳಿಸುವುದು ಬೇಡವೆಂದು ಹಾಗೆಯೇ ಬಿಟ್ಟೆವು.