ಎಷ್ಟು ಜನರನ್ನು?

ವರ್ಷಗಟ್ಟಲೆ ಕಚೇರಿಯಲ್ಲಿ ದುಡಿದ ಮೇಲೆ ಮತ್ತೆ ಓದಲು ತರಗತಿಗೆ ಸೇರಿದ್ದೇನೆ. ಸೋಮವಾರ ಮರಳಿ ಕೈಸೇರಿದ ನನ್ನ ಮೊದಲ ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಪದವಿತ್ತು: "ಆಧಾರ?" ಜನ ಕೆಲಸ ಬಿಡುವುದು ಸಂಬಳ ಸಾಲದೆ ಅಲ್ಲ, ಮೇಲಧಿಕಾರಿಯ ಕಾಟಕ್ಕೆ ಎಂದು ನಾನು ಬರೆದಿದ್ದ ಸಾಲಿನ ಪಕ್ಕದಲ್ಲಿ.

ತರಗತಿ ಮುಗಿದ ಮೇಲೆ ಅಧ್ಯಾಪಕಿಯ ಬಳಿ ಹೋಗಿ, ತುಸು ಬಿಗುಮಾನದಿಂದಲೇ, "18 ವರ್ಷ ಕಣ್ಣಾರೆ ನೋಡಿದ್ದೇನೆ, ಮೇಡಂ" ಎಂದೆ. "ನೋಡಿದ್ದೀರಿ, ಸರಿ. ಎಷ್ಟು ಜನರನ್ನು?" ಎಂದು ಕೇಳಿ, ಅವರು ಉತ್ತರಕ್ಕಾಗಿ ನಿಜವಾಗಿಯೂ ಕಾದರು. ನಾನು ಕೆಲಸಕ್ಕೆ ಸೇರಿದ ವರ್ಷ ಇವರಿನ್ನೂ ಶಾಲೆಯಲ್ಲಿದ್ದಿರಬೇಕು ಎಂಬ ಲೆಕ್ಕವನ್ನು ಮನಸ್ಸು ಆ ಕ್ಷಣದಲ್ಲೇ ಹಾಕಿ ಮುಗಿಸಿತ್ತು. ಜನರ ಲೆಕ್ಕ ಮಾತ್ರ ಹೊರಬರಲಿಲ್ಲ.

ಹರೆಯದವರ ನಡುವೆ ಕೂರುವ ಮುಜುಗರಕ್ಕೆ ನಾನು ಮೊದಲೇ ಸಿದ್ಧವಾಗಿದ್ದೆ. ಅದು ಒಂದೇ ವಾರದಲ್ಲಿ ಕರಗಿತು, ಏಕೆಂದರೆ ಅವರಿಗೆ ನನ್ನ ಬಗ್ಗೆ ಯಾವ ಕುತೂಹಲವೂ ಇರಲಿಲ್ಲ. ಸಿದ್ಧವಾಗಿರದೆ ಇದ್ದದ್ದು ಈ ಪ್ರಶ್ನೆಗೆ. ಕಚೇರಿಯಲ್ಲಿ "ನನ್ನ ಅನುಭವದಲ್ಲಿ" ಎಂದು ಮಾತು ತೆಗೆದರೆ ಸಾಕು, ಎದುರಿನವರು ತಲೆಯಾಡಿಸುತ್ತಿದ್ದರು. ಅದು ಒಪ್ಪಿಗೆಯೋ, ನನ್ನ ಹುದ್ದೆಗೆ ಕೊಟ್ಟ ಮರ್ಯಾದೆಯೋ ಎಂದು ಯೋಚಿಸುವ ಅಗತ್ಯವೇ ನನಗೆ ಬಿದ್ದಿರಲಿಲ್ಲ.

ಮನೆಗೆ ಬಂದು ಹಾಳೆಯ ಮೇಲೆ ಹೆಸರುಗಳನ್ನು ಬರೆದೆ. ಬಿಟ್ಟುಹೋದವರು ಮೂವತ್ತರ ಆಸುಪಾಸು. ಅವರಲ್ಲಿ ಕಾರಣವನ್ನು ನನ್ನೊಡನೆ ಬಾಯಿಬಿಟ್ಟು ಹೇಳಿದವರು ಆರು ಮಂದಿ, ಆ ಆರೂ ಮಂದಿ ದೂರಿದ್ದು ನನಗೂ ಆಗದಿದ್ದ ಒಬ್ಬರೇ ಅಧಿಕಾರಿಯನ್ನು. ಅದೇ ಅಧಿಕಾರಿಯ ಕೈಕೆಳಗೆ ವರ್ಷಗಟ್ಟಲೆ ಸುಮ್ಮನೆ ದುಡಿದವರ ಹೆಸರುಗಳು ಹಾಳೆಗೆ ಬರಲೇ ಇಲ್ಲ.

ಮಂಗಳವಾರ ಬೇರೆ ತರಗತಿಯಲ್ಲಿ ಜರ್ಮನ್ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬ್ಬಿಂಗ್‌ಹೌಸ್‌ನ ಬಗ್ಗೆ ಪಾಠವಿತ್ತು. 1885ರಲ್ಲಿ ಪ್ರಕಟವಾದ, ಮರೆವಿನ ಕುರಿತ ಅವನ ಅಧ್ಯಯನದಲ್ಲಿ ಪ್ರಯೋಗಕ್ಕೆ ಒಳಗಾದವನು ಅವನೊಬ್ಬನೇ ಎಂದು ಕೇಳಿದೊಡನೆ ನನಗೆ ಒಳಗೊಳಗೇ ಗೆಲುವೆನಿಸಿತು: ಒಬ್ಬನ ಅನುಭವ ವಿಜ್ಞಾನವಾಗಬಹುದಾದರೆ ನನ್ನದೇಕೆ ಆಗದು? ಆದರೆ ಆತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಟ್ಟಿಕೊಂಡು, ಕಲಿಯಲು ಹಿಡಿದ ಸಮಯವನ್ನು ಅಳೆದು, ಗೊತ್ತುಪಡಿಸಿದ ಅಂತರ ಬಿಟ್ಟು ಮತ್ತೆ ಕಲಿತು, ಪ್ರತಿ ಸಲವೂ ಬರೆದಿಟ್ಟಿದ್ದ. ನಾನು ಏನನ್ನೂ ಬರೆದಿಟ್ಟವನಲ್ಲ. ನನ್ನಲ್ಲಿದ್ದದ್ದು ಬರೀ ನೆನಪು, ಅದೂ ಆತ ಅಳೆಯಲು ಹೊರಟಿದ್ದ, ಸೋರಿಹೋಗುವ ಪದಾರ್ಥ.

ಅಧ್ಯಾಪಕಿ ಅಹಂಕಾರಿ ಎಂದು ಸೋಮವಾರ ರಾತ್ರಿ ಮನೆಯಲ್ಲಿ ಹೇಳಿದ್ದೆ. ಆ ಮಾತನ್ನು ಇನ್ನೂ ಪೂರ್ತಿ ಹಿಂತೆಗೆದುಕೊಂಡಿಲ್ಲ. ಅವರು ನಗುತ್ತಾ ಕೇಳಬಹುದಿತ್ತು.

ನಿನ್ನೆ, ಆ ಆರು ಮಂದಿಯಲ್ಲಿ ಒಬ್ಬರಿಗೆ ಫೋನ್ ಮಾಡಿ ಅಂದು ಕೆಲಸ ಬಿಟ್ಟದ್ದೇಕೆ ಎಂದು ಕೇಳಿದೆ. "ಅಮ್ಮ ಹಾಸಿಗೆ ಹಿಡಿದಿದ್ದರಲ್ಲ ಸರ್" ಎಂದರು. ಹಾಗಾದರೆ ಆ ಅಧಿಕಾರಿ? "ಅಯ್ಯೋ, ನೀವು ಅವರನ್ನು ಬೈಯುತ್ತಿದ್ದಿರಿ, ನಾನೂ ದನಿಗೂಡಿಸಿದೆ."