ಕೋಟೆ ನೋಡೋಕೆ ಹೋದ್ರೆ ಮೊದ್ಲು ನೀರೆಲ್ಲಿದೆ ನೋಡಿ

ನಮ್ಮ ಮಧುಗಿರಿ ಕಡೆ ಒಂದು ಕಥೆ ಹೇಳ್ತಾರೆ. ಮಂದೆಯಿಂದ ತಪ್ಪಿಸ್ಕೊಂಡು ಬೆಟ್ಟ ಹತ್ತಿದ್ದ ಕುರಿಯೊಂದು ಮೈಯೆಲ್ಲಾ ನೆಂದು ನೀರು ತೊಟ್ಟಿಕ್ತಾ ಕೆಳಗೆ ಇಳ್ಕೊಂಡು ಬಂತಂತೆ. ಈ ಬೋಳು ಬಂಡೆ ಮೇಲೆ ಇದಕ್ಕೆ ನೀರೆಲ್ಲಿ ಸಿಕ್ತು ಅಂತ ಹುಡುಕ್ಕೊಂಡು ಹೋದ್ರೆ ಮೇಲೆ ನೀರಿನ ಊಟೆ ಕಾಣಿಸ್ತು, ಅದನ್ನ ನೋಡೇ ರಾಜಾ ಹಿರೇಗೌಡ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ ಅಂತ. 1678ರಲ್ಲಿ ಅದು ಮೈಸೂರಿನವರ ಕೈಗೆ ಹೋಯ್ತು, ಆಮೇಲೆ ಹೈದರಾಲಿ ಕಾಲದಲ್ಲಿ ಇನ್ನೂ ದೊಡ್ಡದಾಗಿ ಬೆಳೀತು. ಚಿಕ್ಕೋರಿದ್ದಾಗ ಈ ಕಥೆ ಕೇಳಿ ಕುರಿ ಬಗ್ಗೆ ಮಾತ್ರ ಯೋಚನೆ ಮಾಡ್ತಿದ್ವಿ. ಈಗ ಅನ್ನಿಸೋದು, ಒಂದು ಕೋಟೆ ಯಾಕೆ ಅಲ್ಲೇ ಇದೆ ಅನ್ನೋದಕ್ಕೆ ಇದಕ್ಕಿಂತ ನೇರವಾದ ಉತ್ತರ ಇನ್ನೊಂದಿಲ್ಲ. ನೀರು ಸಿಕ್ತು, ಅದಕ್ಕೇ ಕೋಟೆ ಬಂತು.

ತುಮಕೂರು ಜಿಲ್ಲೇಲಿ ಹುಟ್ಟಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಪಾವಗಡ, ಮಧುಗಿರಿ, ಸಿರಾ ಕಡೆ ಸಾವಿರ ಅಡಿ ಬೋರ್ ಹೊಡೆಸಿದ್ರೂ ಬರೀ ಧೂಳು ಎದ್ದಿದ್ದನ್ನ ನೋಡಿದ ಜನ ನಾವು. ಅದಕ್ಕೇ ಇರ್ಬೇಕು, ಅಮ್ಮ, ಅಕ್ಕ, ಭಾವ ಎಲ್ಲರನ್ನೂ ಕರ್ಕೊಂಡು ರಾಜಸ್ಥಾನದ ಕೋಟೆಗಳನ್ನ ನೋಡೋಕೆ ಹೋದಾಗ, ಗೈಡ್‌ಗಳು ಯುದ್ಧ, ರಾಣಿ, ಕನ್ನಡಿ ಮಹಲು ಅಂತ ಹೇಳ್ತಾ ಇದ್ರೆ ನನ್ನ ಕಣ್ಣು ಮಾತ್ರ ನೀರು ಎಲ್ಲಿಂದ ಬರ್ತಿತ್ತು, ಎಲ್ಲಿ ನಿಲ್ತಿತ್ತು ಅಂತಾನೇ ಹುಡುಕ್ತಿತ್ತು. ಹಾಗೆ ಹುಡುಕ್ತಾ ಹೋಗಿದ್ರಿಂದ ಕೊನೇಗೆ ರಣಥಂಬೋರಿನ ಹುಲಿ ಕಾಡು ಕೂಡ ನನಗೆ ಬೇರೆ ಥರಾನೇ ಅರ್ಥ ಆಯ್ತು, ಅದನ್ನ ಬರೀಬೇಕು ಅಂತಲೇ ಇಷ್ಟೆಲ್ಲಾ ಪೀಠಿಕೆ.

ಮೊದ್ಲು ಜೈಪುರದ ಹತ್ರ ಇರೋ ಆಮೇರ್. ಎಲ್ಲರೂ ಶೀಶ್ ಮಹಲ್ ಮುಂದೆ ಫೋಟೋ ತೆಗೆಸ್ಕೊಂಡು ವಾಪಸ್ ಬರ್ತಾರೆ, ತಪ್ಪೇನಿಲ್ಲ, ಚೆನ್ನಾಗೇ ಇದೆ. ಆದ್ರೆ ಅದರ ಮೇಲಿನ ಗುಡ್ಡದಲ್ಲಿ ಜೈಗಢ ಅಂತ ಇನ್ನೊಂದು ಕೋಟೆ ಇದೆ, ಅದನ್ನ ಬಿಡ್ಬೇಡಿ. ಸುತ್ತಲಿನ ಅರಾವಳಿ ಗುಡ್ಡಗಳ ಮೇಲೆ ಬಿದ್ದ ಮಳೆ ನೀರನ್ನ ಕಾಲುವೆ ಮಾಡಿ ಕೋಟೆ ಒಳಗೆ ತಂದು ತೊಟ್ಟಿಗಳಲ್ಲಿ ತುಂಬಿಸ್ತಿದ್ರು. ದೊಡ್ಡ ತೊಟ್ಟಿಗೆ 60 ಲಕ್ಷ ಗ್ಯಾಲನ್ ಹಿಡಿಯುತ್ತೆ ಅಂತ ಅಲ್ಲಿ ಹೇಳ್ತಾರೆ. 1976ರಲ್ಲಿ, ಎಮರ್ಜೆನ್ಸಿ ಟೈಮಲ್ಲಿ, ಇಲ್ಲಿ ನಿಧಿ ಇದೆ ಅಂತ ಸರ್ಕಾರದೋರೇ ಬಂದು ಕೋಟೆಯೆಲ್ಲಾ ಅಗೆಸಿದ್ರು, ಏನೂ ಸಿಗ್ಲಿಲ್ಲ ಅಂತ ಹೇಳಿ ನಿಲ್ಲಿಸಿದ್ರು. ಇದನ್ನ ಕೇಳಿ ನಮ್ಮ ಭಾವ ಒಂದೇ ಮಾತು ಹೇಳಿದ್ದು, "ನೀರೇ ನಿಧಿ ಅಲ್ವೇನೋ, ಇನ್ನೇನು ಬೇಕಾಗಿತ್ತು ಇವರಿಗೆ." ಭಾವ ತೋಟ ಮಾಡೋರು, ಆ ಮಾತು ಅವರ ಬಾಯಲ್ಲಿ ಬಂದಿದ್ದಕ್ಕೆ ತೂಕ ಇದೆ.

ಕುಂಭಲ್‌ಗಢದ ಗೋಡೆ 36 ಕಿಲೋಮೀಟರ್ ಉದ್ದ. 15ನೇ ಶತಮಾನದಲ್ಲಿ ರಾಣಾ ಕುಂಭ ಕಟ್ಟಿಸಿದ್ದು, ಮಹಾರಾಣಾ ಪ್ರತಾಪ ಹುಟ್ಟಿದ್ದೂ ಇಲ್ಲೇ, 1540ರಲ್ಲಿ. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಬಿಸಿಲಿಗೆ ವಯಸ್ಸಾದೋರಿಗೆ ಹತ್ತೋದು ಕಷ್ಟ.

ಚಿತ್ತೋಡ್‌ಗಢ ಮಾತ್ರ ನಿಂತು ನೋಡೋ ಜಾಗ. ಬೆಟ್ಟದ ಮೇಲೆ ಸುಮಾರು 700 ಎಕರೆ, ಏಳು ಬಾಗಿಲು ದಾಟ್ಕೊಂಡು ಮೇಲೆ ಹೋಗ್ಬೇಕು, ಅಲ್ಲಿ ಬಾಗಿಲಿಗೆ ಪೋಲ್ ಅಂತಾರೆ. 1303ರಲ್ಲಿ ಅಲಾವುದ್ದೀನ್ ಖಿಲ್ಜಿ, 1535ರಲ್ಲಿ ಗುಜರಾತಿನ ಬಹಾದುರ್ ಷಾ, 1567-68ರಲ್ಲಿ ಅಕ್ಬರ್, ಹೀಗೆ ಮೂರು ಸಲ ಮುತ್ತಿಗೆ ಬಿದ್ದು ಮೂರು ಸಲಾನೂ ಸೋತ ಕೋಟೆ, ಆದ್ರೂ ಸೋತ ಕೋಟೆ ಅಂತ ಯಾರಿಗೂ ಅನ್ನಿಸಲ್ಲ. ಒಂದು ಕಾಲದಲ್ಲಿ ಇದರೊಳಗೆ 84 ಕೆರೆ-ಕುಂಟೆ-ಬಾವಿ ಇದ್ವು ಅಂತಾರೆ, ಈಗ ಉಳಿದಿರೋದು 22. ಅದರಲ್ಲಿ ಗೋಮುಖ ಕುಂಡ ಅಂತ ಒಂದಿದೆ, ಬೆಟ್ಟದ ಅಂಚಿಗೇ ಇದೆ, ಹಸುವಿನ ಬಾಯಿಂದ ನೀರು ಬಂದು ಲಿಂಗದ ಮೇಲೆ ಬೀಳುತ್ತೆ, ಕೆಳಗೆ ಹಸಿರು ನೀರಲ್ಲಿ ಮೀನು. ಅಮ್ಮ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿ, "ಇಷ್ಟು ಎತ್ತರದಾಗೆ ಇಷ್ಟು ನೀರು ಐತಲ್ಲ, ಅದಕ್ಕೇ ಈ ಜನ ಅಷ್ಟು ತಿಂಗಳು ತಡ್ಕೊಂಡವ್ರೆ" ಅಂದ್ರು. ಯಾವ ಗೈಡೂ ಹೇಳದೇ ಇರೋದನ್ನ ಅಮ್ಮ ಹೇಳಿದ್ರು. ಜಯಸ್ತಂಭದ ಒಂಬತ್ತು ಅಂತಸ್ತಿನ ಬಗ್ಗೆ ಬರಿಯೋರು ಬೇಕಾದಷ್ಟು ಜನ ಇದ್ದಾರೆ, ನಾನು ಗೋಮುಖಕ್ಕೇ ನಿಲ್ಲಿಸ್ತೀನಿ.

ಈಗ ರಣಥಂಬೋರ್.

ಜೈಪುರದಿಂದ ಸವಾಯಿ ಮಾಧೋಪುರಕ್ಕೆ ರೈಲಿದೆ, ಎರಡು ಗಂಟೆ ಆಸುಪಾಸು. ದಿಲ್ಲಿ-ಮುಂಬೈ ಮೇನ್ ಲೈನಲ್ಲಿ ಇರೋ ಊರು, ಹಂಗಾಗಿ ಚಿತ್ತೋಡ್ ಕಡೆಯಿಂದ ಕೋಟಾ ಮೇಲೆ ಬರೋದೂ ಸುಲಭ. ಬಹಳ ಜನಕ್ಕೆ ಗೊತ್ತಿಲ್ಲದೇ ಇರೋದೇನಂದ್ರೆ ರಣಥಂಬೋರ್ ಅಂದ್ರೆ ಮೊದ್ಲು ಕೋಟೆ, ಕಾಡಿಗೆ ಹೆಸರು ಬಂದಿದ್ದೇ ಆ ಕೋಟೆಯಿಂದ, ಮತ್ತೆ ಕೋಟೆ ಇರೋದು ಹುಲಿ ಕಾಡಿನ ಒಳಗೆ. 2013ರಲ್ಲಿ ಯುನೆಸ್ಕೋದೋರು ರಾಜಸ್ಥಾನದ ಆರು ಗಿರಿದುರ್ಗಗಳನ್ನ ಒಟ್ಟಿಗೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ರಲ್ಲ, ಆಮೇರ್, ಚಿತ್ತೋಡ್, ಕುಂಭಲ್‌ಗಢ, ಗಾಗರೋನ್, ಜೈಸಲ್ಮೇರ್ ಜೊತೆ ಇದೂ ಒಂದು.

1301ರಲ್ಲಿ ಇಲ್ಲಿ ಹಮ್ಮೀರದೇವ ಚೌಹಾಣ ಆಳ್ತಿದ್ದ. ಖಿಲ್ಜಿ ವಿರುದ್ಧ ದಂಗೆ ಎದ್ದು ಓಡಿ ಬಂದಿದ್ದ ಮಂಗೋಲ್ ಸೈನಿಕರಿಗೆ ಆಶ್ರಯ ಕೊಟ್ಟ, ಅವರನ್ನ ಒಪ್ಪಿಸು ಅಂದ್ರೆ ಇಲ್ಲ ಅಂದ. ನಂಬಿ ಬಂದೋರನ್ನ ಬಿಟ್ಟುಕೊಡಲ್ಲ ಅನ್ನೋ ಹಠಕ್ಕೆ ಇವತ್ತಿಗೂ ಅಲ್ಲಿ ಹಮ್ಮೀರನ ಹಠ ಅಂತಲೇ ಹೆಸರು. ತಿಂಗಳಾನುಗಟ್ಟಲೆ ಮುತ್ತಿಗೆ ನಡೀತು. ಕೋಟೆ ಒಳಗೆ ಕೆರೆಗಳಿದ್ವು, ಕಾಳು ಮಾತ್ರ ಮುಗೀತಾ ಬಂತು. ಆಗ ಒಳಗೆ ಒಂದು ಕಾಳು ಅಕ್ಕಿಗೆ ಎರಡು ಕಾಳು ಚಿನ್ನ ಕೊಡೋ ಹಂಗಾಗಿತ್ತು ಅಂತ ಖಿಲ್ಜಿ ಆಸ್ಥಾನದ ಕವಿ ಅಮೀರ್ ಖುಸ್ರೋನೇ ಬರೆದಿದ್ದಾನೆ. ಹಮ್ಮೀರನ ಸೇನಾಪತಿಗಳೂ ಆ ಕಡೆ ಸೇರ್ಕೊಂಡ್ರು, ಹೆಂಗಸರು ಬೆಂಕಿಗೆ ಬಿದ್ರು, ಹಮ್ಮೀರ ಹೊರಗೆ ಬಂದು ಹೋರಾಡಿ ಸತ್ತ. ಆ ಬಂಡೆ ಮೇಲೆ ನಿಂತು ಇದನ್ನೆಲ್ಲಾ ಕೇಳೋವಾಗ ಎದೆ ಭಾರ ಆಗುತ್ತೆ.

ಕೋಟೆ ಒಳಗೆ ತ್ರಿನೇತ್ರ ಗಣೇಶನ ಗುಡಿ ಇದೆ. ದೇಶದ ಮೂಲೆ ಮೂಲೆಯಿಂದ ಈ ಗಣೇಶನಿಗೆ ಪೋಸ್ಟಲ್ಲಿ ಮದುವೆ ಲಗ್ನಪತ್ರಿಕೆ ಬರುತ್ತೆ, ಪೋಸ್ಟ್‌ಮ್ಯಾನ್ ತಂದು ಕೊಡ್ತಾನೆ, ಪೂಜಾರಿ ದೇವರ ಮುಂದೆ ಓದ್ತಾರೆ. ನಮ್ಮಲ್ಲೂ ಮೊದಲ ಪತ್ರಿಕೆ ಮನೆದೇವರಿಗೇ ಅಲ್ವಾ ಇಡೋದು, ಹಾಗಾಗಿ ಅಮ್ಮನಿಗೆ ಇದು ಬಹಳ ಹಿಡಿಸ್ತು. ಅಕ್ಕನ ಮಗಳ ಮದುವೆ ಗೊತ್ತಾದ ತಕ್ಷಣ ಇಲ್ಲಿಗೂ ಒಂದು ಕಳಿಸ್ಬೇಕು ಅಂತ ಅಲ್ಲೇ ಅಡ್ರೆಸ್ ಬರೆಸ್ಕೊಂಡ್ರು.

ಒಂದು ಎಚ್ಚರಿಕೆ ಹೇಳ್ಬೇಕು. ಕೋಟೆಗೆ ಹೋಗೋ ದಾರಿ ಹುಲಿ ಓಡಾಡೋ ಜಾಗನೇ. 2025ರಲ್ಲಿ ಈ ಗುಡಿ ಹಾದಿಯಲ್ಲಿ ಒಂದು ಪುಟ್ಟ ಮಗು ಹುಲಿಗೆ ಬಲಿಯಾಯ್ತು. ಗುಂಪು ಬಿಟ್ಟು ಹೋಗ್ಬೇಡಿ, ಮಕ್ಕಳ ಕೈ ಬಿಡಬೇಡಿ, ಹೊತ್ತು ಮುಳುಗೋಕೆ ಮುಂಚೆ ಇಳಿದುಬಿಡಿ, ಕೋತಿಗೆ ಬಿಸ್ಕೆಟ್ ಹಾಕ್ತಾ ನಿಲ್ಲಬೇಡಿ.

ಕೋಟೆ ಅಂಚಿಂದ ಕೆಳಗೆ ನೋಡಿದ್ರೆ ಕೆರೆಗಳು ಕಾಣ್ತವೆ. ಪದಮ್ ತಲಾವ್, ರಾಜ್‌ಬಾಗ್, ಮಲಿಕ್ ತಲಾವ್. ಪದಮ್ ತಲಾವ್ ದಡದಲ್ಲಿ ಜೋಗಿ ಮಹಲ್, ಅದರ ಪಕ್ಕ ಒಂದು ಭಾರೀ ಆಲದ ಮರ. ಒಣ ಕಾಡು ಅದು, ಬೇಸಿಗೇಲಿ ಧೋಕ್ ಮರಗಳೆಲ್ಲಾ ಎಲೆ ಉದುರಿಸಿ ಕಂದು ಬಣ್ಣಕ್ಕೆ ತಿರುಗಿ ನಿಂತಿರ್ತವೆ (ನಮ್ಮ ದಿಂಡಿಗದ ಮರದ ಬಳಗನೇ ಅದು), ಅಂಥಾ ಕಾಡಿನ ನಡುವೆ ಈ ಕೆರೆಗಳು. ನನಗೆ ಆ ಎತ್ತರದಲ್ಲಿ ನಿಂತಾಗಲೇ ವಿಷಯ ಕೂಡ್ಕೊಂಡಿದ್ದು. ನೀರಿದ್ದಿದ್ರಿಂದ ಈ ಬೆಟ್ಟದಲ್ಲಿ ಕೋಟೆ ನಿಂತ್ಕೊಳ್ತು, ಕೋಟೆ ಇದ್ದಿದ್ರಿಂದ ಸುತ್ತಲ ಕಾಡು ರಾಜರ ಕೈಲಿ ಉಳೀತು, ಆ ಕೆರೆಗಳ ನೀರಿಗೇ ಜಿಂಕೆ ಕಡವೆ ಬಂದ್ವು, ಅವುಗಳ ಹಿಂದೆ ಹುಲಿ.

ರಾಜರು ಕಾಡು ಉಳಿಸಿದ್ದು ಹುಲಿ ಮೇಲಿನ ಪ್ರೀತಿಗಲ್ಲ, ಜೈಪುರ ಮಹಾರಾಜರ ಶಿಕಾರಿಗೆ. 1961ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಬಂದಾಗ ಅವರ ಗಂಡ ಫಿಲಿಪ್ ಇಲ್ಲೇ ಒಂದು ಹುಲಿ ಹೊಡೆದ್ರು. ಅಲ್ಲಿಂದ ಹನ್ನೆರಡೇ ವರ್ಷಕ್ಕೆ, 1973ರಲ್ಲಿ, ಪ್ರಾಜೆಕ್ಟ್ ಟೈಗರ್ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರದ ಜೊತೆ ರಣಥಂಬೋರೂ ಸೇರ್ತು, 1980ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಇದರಲ್ಲಿ ಅರಣ್ಯ ಅಧಿಕಾರಿ ಫತೇಸಿಂಗ್ ರಾಠೋಡ್ ಅವರ ಪಾಲು ದೊಡ್ಡದು, ಅವರು 2011ರಲ್ಲಿ ತೀರ್ಕೊಂಡ್ರು. ಕಾಡಿನ ಒಳಗಿದ್ದ ಹಳ್ಳಿಗಳನ್ನ ಹೊರಗೆ ಸ್ಥಳಾಂತರ ಮಾಡಿದ್ದೂ ಆಗಲೇ. ಹುಲಿ ಉಳೀತು ಅಂತ ಖುಷಿ ಪಡೋವಾಗ ಮನೆ, ಹೊಲ, ಗುಡಿ ಬಿಟ್ಟು ಎದ್ದು ಹೋದ ಆ ಜನರನ್ನೂ ನೆನೀಬೇಕು, ಆ ನೀರಿನ ಮೇಲೆ ಅವರಿಗೂ ಹಕ್ಕಿತ್ತು.

ಸಫಾರಿ ವಿಷಯ. ಜಿಪ್ಸಿ ಅಂದ್ರೆ ತೆರೆದ ಜೀಪು, ಕ್ಯಾಂಟರ್ ಅಂದ್ರೆ ತೆರೆದ ಮಿನಿ ಬಸ್ಸು, ಎರಡೂ ಇವೆ. ಜಿಪ್ಸೀಲಿ ಆರು ಜನ, ಕ್ಯಾಂಟರ್‌ನಲ್ಲಿ ಇಪ್ಪತ್ತು, ಆಗೋದಾದ್ರೆ ಜಿಪ್ಸೀನೇ ಮಾಡಿ. ಒಟ್ಟು ಹತ್ತು ಝೋನ್, ಕೆರೆಗಳು ಇರೋದು ಒಳಗಿನ ಝೋನ್‌ಗಳಲ್ಲಿ, ಮಳೆಗಾಲ ಜುಲೈಯಿಂದ ಸೆಪ್ಟೆಂಬರ್‌ವರೆಗೂ 1ರಿಂದ 5ನೇ ಝೋನ್ ಮುಚ್ಚಿರ್ತವೆ. ಆನ್‌ಲೈನ್ ಬುಕಿಂಗ್ ಬೇಗ ತುಂಬಿಹೋಗುತ್ತೆ, ಬುಕ್ ಮಾಡಿದಾಗ ಕೊಟ್ಟ ಐಡಿ ಕಾರ್ಡ್ ಒರಿಜಿನಲ್ಲೇ ತಗೊಂಡು ಹೋಗಿ. ಚಳಿಗಾಲದ ಬೆಳಿಗ್ಗೆ ಸಫಾರಿಗೆ ಸ್ವೆಟರ್, ಮಫ್ಲರ್, ಕೈಗವಸು ಎಲ್ಲಾ ಬೇಕು, ತುಮಕೂರು ಚಳಿ ಲೆಕ್ಕಕ್ಕೇ ಇಲ್ಲ ಅದರ ಮುಂದೆ. ಹುಲಿ ಚೆನ್ನಾಗಿ ಕಾಣ್ಬೇಕು ಅಂದ್ರೆ ಏಪ್ರಿಲ್-ಮೇ, ಬಿಸಿಲು ಸುಡುತ್ತೆ, ಆದ್ರೆ ಬೇರೆ ಕಡೆ ನೀರು ಬತ್ತಿ ಪ್ರಾಣಿಗಳೆಲ್ಲಾ ಕೆರೆ ಹತ್ರಾನೇ ಬರ್ತವೆ.

ನಮಗೆ ರಾಜ್‌ಬಾಗ್ ಕೆರೆ ಹತ್ರ ಕಾಣಿಸ್ತು. ಮೊದ್ಲು ಕಡವೆ ಕೂಗು ಕೇಳಿಸ್ತು, ಡ್ರೈವರ್ ಇಂಜಿನ್ ಆಫ್ ಮಾಡಿದ, ಮಟಪಕ್ಷಿಯೊಂದು ಬಂದು ಜಿಪ್ಸಿ ಕಂಬಿ ಮೇಲೆ ಕೂತ್ಕೊಳ್ತು, ನೀರಲ್ಲಿ ಮೊಸಳೆ ಕಣ್ಣಷ್ಟೇ ಮೇಲೆ. ಆಮೇಲೆ ಹಳೇ ಮಂಟಪದ ಕಡೆಯಿಂದ ಒಂದು ಹೆಣ್ಣು ಹುಲಿ ಹೊರಗೆ ಬಂತು, ಯಾವ ಅವಸರಾನೂ ಇಲ್ಲದೆ ನೀರಿನ ಅಂಚಿಗೆ ನಡ್ಕೊಂಡು ಹೋಗಿ ಹಿಂಗಾಲು ನೀರಲ್ಲಿಟ್ಟು ಕೂತ್ಕೊಳ್ತು. ಅಕ್ಕ ನನ್ನ ಕೈ ಹಿಡ್ಕೊಂಡಿದ್ದು ಬಿಡ್ಲೇ ಇಲ್ಲ. ಇದೇ ಕೆರೆಗಳ ಸುತ್ತ ಆಳಿದ್ದು ಮಛ್ಲಿ ಅನ್ನೋ ಹುಲಿ, ದೊಡ್ಡ ಮೊಸಳೆ ಜೊತೆ ಕಾದಾಡಿ ಗೆದ್ದಿದ್ದು, 2016ರ ಆಗಸ್ಟ್‌ನಲ್ಲಿ ಸತ್ತಾಗ ಅದಕ್ಕೆ ಸುಮಾರು 19 ವರ್ಷ, ಕಾಡು ಹುಲಿಗೆ ಅದು ಅಪರೂಪದ ಆಯಸ್ಸು. ಅದರ ಸಂತಾನ ಈಗ್ಲೂ ಅದೇ ನೀರು ಕುಡೀತಿದೆ.

ಊರಿಗೆ ಬಂದ ಮೇಲೆ ನನಗೆ ನಮ್ಮ ಕೋಟೆಗಳ ಮೇಲೆ ಅಭಿಮಾನ ಜಾಸ್ತಿನೇ ಆಗಿದೆ. ಮಧುಗಿರಿ ಸಮುದ್ರ ಮಟ್ಟದಿಂದ 3,930 ಅಡಿ ಎತ್ತರಕ್ಕಿರೋ ಒಂದೇ ಬಂಡೆ, ಅದರ ಮೇಲೆ ನೀರು ಹಿಡಿದಿಟ್ಟಿದ್ದು ಯಾವ ಜೈಗಢಕ್ಕೂ ಕಡಿಮೆ ಇಲ್ಲ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲಿ ಬೈರೇಗೌಡ ಕಟ್ಟಿಸಿದ ಕೋಟೇಲಿ ಒಂದಕ್ಕೊಂದು ಸೇರ್ಕೊಂಡಿರೋ 19 ಹೊಂಡಗಳಿವೆ, ಮೇಲಿಂದು ತುಂಬಿದ್ರೆ ಕೆಳಗಿನದಕ್ಕೆ ನೀರು ಇಳಿಯುತ್ತೆ. ಆದ್ರೆ ಬಂಡೆ ಮೇಲೆ ನೀರು ನಿಲ್ಲೋ ನಮ್ಮ ಈ ದೊಣೆಗಳ ತುಂಬಾ ಈಗ ನೀರಿನ ಬಾಟಲ್ ತೇಲ್ತಿರ್ತವೆ, ಅಲ್ಲಿನ ನೀರು ಕುಡಿಯೋಕೆ ಕರಡಿ ಚಿರತೆ ಬರ್ತವೆ ಅನ್ನೋದೂ ಹತ್ತೋರಿಗೆ ನೆನಪಿರಲ್ಲ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ರಾಜಸ್ಥಾನಕ್ಕೆ ಹೋಗೋಕಾಗದೇ ಇರೋರು ಕೋಟೆ, ಕಾಡುಪ್ರಾಣಿ ಎರಡನ್ನೂ ಒಂದೇ ದಿನ ನೋಡ್ಬೋದು. ಸೂರ್ಯ ಏರೋಕೆ ಮುಂಚೆ ಮಧುಗಿರಿ ಬೆಟ್ಟ ಹತ್ತಿ, ಕಡಿದಾದ ಬಂಡೆ ಮೇಲೆ ಕಂಬಿ ಹಿಡ್ಕೊಂಡು ನಿಧಾನಕ್ಕೆ. ಇಳಿದು ಊಟ ಮುಗಿಸ್ಕೊಂಡು ಸಾಯಂಕಾಲಕ್ಕೆ ಮೈದನಹಳ್ಳಿಗೆ ಹೋಗಿ, ಜಯಮಂಗಲಿ ಕೃಷ್ಣಮೃಗ ಮೀಸಲು ಇರೋದು ಅಲ್ಲೇ, 798 ಎಕರೆ ಹುಲ್ಲುಗಾವಲು, 2007ರಲ್ಲಿ ಘೋಷಣೆ ಆಗಿದ್ದು. ಹುಲಿ ಇಲ್ಲ, ಆದ್ರೆ ಕಪ್ಪು ಗಂಡು ಮೃಗಗಳು ಹಿಂಡು ಕಟ್ಕೊಂಡು ಚಂಗ್ ಚಂಗ್ ಅಂತ ನೆಗೀತಾ ಓಡೋದು ಕಣ್ತುಂಬಾ ಸಿಗುತ್ತೆ. ಗಾಡಿ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡ್ಬೇಡಿ, ಬೈನಾಕ್ಯುಲರ್ ಇದ್ರೆ ತಗೊಂಡು ಹೋಗಿ.